ಹೊಸ ಬೀಜ, ಹಳೇ ಜೈಲು!

ಶಿಕಾರಿಪುರ, ಸೊರಬದ ಕಡೆ ಮೆಕ್ಕೆಜೋಳ, ಶುಂಠಿ ಹೊಲದ ನಡುವೆ ಗಾಂಜಾ ಗಿಡ ಸಿಕ್ಕಿತೆಂಬ ಸುದ್ದಿ ಬಸ್ ಸ್ಟ್ಯಾಂಡಿನವರಿಗೆ ಹೊಸದೇನಲ್ಲ. ಈಗ ಹೊರದೇಶದ ಪೇಟೆಯಲ್ಲಿ 'ಆಟೋಫ್ಲವರ್' ಬೀಜದ ಭರಾಟೆ. ಅದು ಇತ್ತ ಬಂದರೆ ಗತಿಯೇನು?

ಮಾಮೂಲಿ ಗಾಂಜಾ ಹಗಲು ಕುಗ್ಗಿದ ಮೇಲೇ ಹೂ ಬಿಡುತ್ತದೆ. ರಷ್ಯಾ ಕಡೆಯ ಕುಳ್ಳ ಕಾಡುತಳಿಗೆ ಆ ಹಂಗಿಲ್ಲ; ಅಲ್ಲಿ ಬೇಸಿಗೆ ಚಿಕ್ಕದು, ಗಿಡಕ್ಕೆ ಇಷ್ಟು ವಾರವಾಯಿತೆಂದರೆ ಹೂವೇ. ಅದನ್ನು ಅಮಲಿನ ತಳಿಗೆ ಕೂಡಿಸಿ, ತಲೆಮಾರುಗಟ್ಟಲೆ ಆರಿಸಿ ಮಾಡಿದ್ದೇ ಆಟೋಫ್ಲವರ್. ಎರಡೂವರೆ-ಮೂರು ತಿಂಗಳಿಗೆ ಕೊಯ್ಲು!

ಬೇಗ ಬಂದರೆ ಕಾನೂನು ಬಿಟ್ಟೀತೆ? 1985ರ ಎನ್.ಡಿ.ಪಿ.ಎಸ್. ಕಾಯ್ದೆಗೆ ತಳಿಭೇದವಿಲ್ಲ. ಬೆಳೆದವನಿಗೆ 10 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಗೊತ್ತಿದ್ದೂ ಸುಮ್ಮನಿದ್ದ ಜಮೀನುದಾರನಿಗೂ ಶಿಕ್ಷೆ. ಬೀಜ ಕೊಟ್ಟವ, ಮಾಲು ಒಯ್ದವ ಊರು ಬಿಟ್ಟಿರುತ್ತಾನೆ. ಪಹಣಿಯಲ್ಲಿ ಹೆಸರಿದ್ದವ ಸಿಕ್ಕಿಬೀಳುತ್ತಾನೆ.

ಅಕ್ರಮ ಗಿಡದ ಸುದ್ದಿ ತಿಳಿದೊಡನೆ ತಿಳಿಸುವುದು ಪಂಚಾಯ್ತಿಯವರ, ಗ್ರಾಮಾಧಿಕಾರಿಗಳ ಕರ್ತವ್ಯವೆಂದು ಇದೇ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಹೂವಿಗೆ ಕಾಲವಿಲ್ಲದ ಮೇಲೆ ಕಾವಲಿಗೇಕೆ ಕಾಲ? ವರ್ಷವಿಡೀ ಕಣ್ಣಿಡಲಿ. ಕಂದಾಯಕ್ಕೆ ಮನೆ ಹುಡುಕಿ ಬರುವವರಿಗೆ ಹೊಲದ ದಾರಿ ಗೊತ್ತಿಲ್ಲವೆ?