ನೀರೊಲೆಗೆ ಪ್ಲಾಸ್ಟಿಕ್ ಬೇಡ

ಬೆಳಗಿನ ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾಯಿಸುವ ರೂಢಿ ನಮ್ಮ ಊರುಗಳ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ಹಿಂದೆ ಆ ಒಲೆಗೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು, ತೆಂಗಿನ ಗರಿ ಸಾಕಾಗುತ್ತಿದ್ದವು. ಈಗ ಅವುಗಳ ಜೊತೆಗೆ ಹಾಲಿನ ಪಾಕೀಟು, ಎಣ್ಣೆಯ ಪಾಕೀಟು, ಹರಿದ ಚಪ್ಪಲಿ, ಮಕ್ಕಳು ತಿಂದೆಸೆದ ಚಿಪ್ಸ್ ಪಾಕೀಟುಗಳೂ ಸೇರುತ್ತಿವೆ. ಬೆಂಕಿ ಬೇಗ ಹತ್ತುತ್ತದೆ, ಮನೆಯ ಕಸವೂ ತೀರುತ್ತದೆ ಎಂದು ನಾವು ನೆಮ್ಮದಿಪಡುತ್ತೇವೆ. ವಾಸ್ತವದಲ್ಲಿ ಆ ಕಸ ಹೊಗೆಯಾಗಿ ನಮ್ಮ ಉಸಿರನ್ನು ಸೇರುತ್ತಿದೆ.

ಒಲೆಯ ಮಂದ ಉರಿಯಲ್ಲಿ ಪ್ಲಾಸ್ಟಿಕ್ ಪೂರ್ತಿಯಾಗಿ ಸುಡುವುದಿಲ್ಲ. ಸೂಕ್ಷ್ಮವಾದ ಮಸಿಯ ಕಣಗಳೂ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಹೊರಡುತ್ತವೆ. ಪಿ.ವಿ.ಸಿ. ಪೈಪಿನ ತುಂಡು, ವೈರಿನ ಹೊದಿಕೆ, ರೆಕ್ಸಿನ್ ಚೀಲ ಇವುಗಳಲ್ಲಿ ಕ್ಲೋರಿನ್ ಇರುವುದರಿಂದ ಅವು ಸುಟ್ಟಾಗ ಡಯಾಕ್ಸಿನ್ ಎಂಬ ವಿಷಗಳು ಉಂಟಾಗುತ್ತವೆ. ಅವುಗಳಲ್ಲಿ ಅತಿ ಘೋರವಾದುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1997ರಲ್ಲಿಯೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಈ ವಿಷ ಮೇವಿನ ಮೇಲೆ ಬಿದ್ದು, ದನಗಳ ಕೊಬ್ಬಿನಲ್ಲಿ ನೆಲೆಸಿ, ಹಾಲಿನೊಡನೆ ಮರಳಿ ನಮ್ಮ ಮನೆಗೇ ಬರಬಲ್ಲದು. ಒಲೆಯ ಬೂದಿಯಿಂದ ಪಾತ್ರೆ ತಿಕ್ಕುವವರೂ, ಅದನ್ನು ಹಿತ್ತಲಿನ ಬದನೆ, ಹೀರೆಗಳಿಗೆ ಚೆಲ್ಲುವವರೂ ನಮ್ಮಲ್ಲಿದ್ದಾರೆ. ಪ್ಲಾಸ್ಟಿಕ್ ಬೆರೆತ ಬೂದಿಗೆ ಆ ಯೋಗ್ಯತೆ ಇಲ್ಲ. ಇನ್ನು ಹೊಗೆಯ ಮೊದಲ ಪಾಲು ಸಲ್ಲುವುದು ಒಲೆಯ ಮುಂದೆ ಕುಳಿತು ಊದುವ ತಾಯಂದಿರಿಗೆ, ಚಳಿಗೆ ಅಲ್ಲಿಯೇ ಮೈ ಕಾಯಿಸಿಕೊಳ್ಳುವ ವೃದ್ಧರಿಗೆ.

ಹಾಗಾದರೆ ಈ ಕಸವನ್ನು ಎಲ್ಲಿ ಹಾಕಬೇಕು ಎಂದು ಭಕ್ತರು ಕೇಳುವುದು ಸಹಜ. ಕಸದ ಗಾಡಿ ಎಲ್ಲ ಓಣಿಗಳಿಗೂ ಬರುವುದಿಲ್ಲ ಎಂಬುದನ್ನು ನಾವೂ ಬಲ್ಲೆವು. ಆದರೆ ಹಸಿ ಕಸ, ಒಣ ಕಸ ಒಂದೇ ಬುಟ್ಟಿಗೆ ಬಿದ್ದಾಗಲೇ ಅದು ಯಾರಿಗೂ ಬೇಡವಾಗುತ್ತದೆ. ಹಾಲಿನ ಪಾಕೀಟನ್ನು ತೊಳೆದು ಒಣಗಿಸಿಟ್ಟರೆ ಗುಜರಿಯವರು ಕೊಳ್ಳುತ್ತಾರೆ. ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯದಿರುವುದು ಲೇಸು, ಆ ಚೂರನ್ನು ಆಯುವವರಿಲ್ಲ. ತರಕಾರಿ ಸಿಪ್ಪೆ ದನದ ಬಾನಿಗೋ ತಿಪ್ಪೆಗೋ ಹೋಗಲಿ. ಅನ್ನವನ್ನು ಕವರಿನಲ್ಲಿ ಗಂಟುಕಟ್ಟಿ ಬೀದಿಗೆಸೆದರೆ ಆಕಳು ಕವರನ್ನೂ ನುಂಗುತ್ತದೆ. ಹೊಟ್ಟೆಯಲ್ಲಿ ಉಂಡೆಗಟ್ಟಿದ ಪ್ಲಾಸ್ಟಿಕ್ಕಿನಿಂದ ಅದು ನರಳಿ ಸಾಯುತ್ತದೆ.

ಚಿಪ್ಸ್, ಗುಟಕಾ ಪಾಕೀಟುಗಳನ್ನು ಮಾತ್ರ ಗುಜರಿಯವರೂ ಮುಟ್ಟುವುದಿಲ್ಲ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧವಿದ್ದರೂ ಈ ಪಾಕೀಟುಗಳು ಅದರಿಂದ ಹೊರಗುಳಿದಿವೆ. ಇವುಗಳನ್ನು ಕೊಳ್ಳದಿರುವುದೊಂದೇ ದಾರಿ ಎಂದು ನಮಗೆ ತೋರುತ್ತದೆ. ಗುಟಕಾ ವಿಷಯದಲ್ಲಂತೂ ಇದಕ್ಕೆ ಬೇರೆ ಕಾರಣ ಹೇಳಬೇಕಾಗಿಲ್ಲ. ಗಾಣದ ಎಣ್ಣೆಗೆ ಸ್ಟೀಲ್ ಡಬ್ಬಿ, ಸಂತೆಗೆ ಬಟ್ಟೆಯ ಚೀಲ ಒಯ್ಯುವುದು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ.

ಶ್ರೀಮಠಕ್ಕೆ ಬರುವ ಭಕ್ತರು ಹೂವು, ಕಾಯಿ, ಕರ್ಪೂರಗಳನ್ನು ಬುಟ್ಟಿಯಲ್ಲಿ ತರಬೇಕು. ಒಡೆದ ಕಾಯಿಯ ಕರಟ, ಜುಟ್ಟು, ನಾರುಗಳನ್ನು ಒಣಗಿಸಿ, ನೀರೊಲೆಯ ಪಕ್ಕದಲ್ಲಿ ಈಗ ಪ್ಲಾಸ್ಟಿಕ್ ಕೂಡಿಡುವ ಮೂಲೆಯಲ್ಲಿ ಇಟ್ಟುಕೊಳ್ಳಬಹುದು. ಒಲೆ ಹೊತ್ತಿಸಲು ಅಷ್ಟು ಸಾಕು.