ಶಿಶುಪಾಲನಾ ಕೇಂದ್ರಗಳ ತಪಾಸಣೆ ಹೊರೆಯಲ್ಲ

ತಪಾಸಣೆಯೆಂದರೆ ಕಿರುಕುಳವೆಂಬ ಭಾವನೆ ನಮ್ಮ ಉದ್ಯಮಿಗಳಲ್ಲಿದೆ. ಮಕ್ಕಳ ವಿಷಯದಲ್ಲಿ ಇದು ಸಲ್ಲದು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಅಸುನೀಗಿದರು. ಕಡತದಲ್ಲಿನ ಪರವಾನಗಿ ಮಕ್ಕಳನ್ನು ಕಾಯದು. ಸ್ಥಳ ಪರಿಶೀಲನೆಯೂ ಬೇಕು.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಪ್ರಕರಣದನ್ವಯ, 50 ಅಥವಾ ನಿಗದಿತ ಸಂಖ್ಯೆಯ ನೌಕರರುಳ್ಳ ಸಂಸ್ಥೆಗಳು ಶಿಶುಪಾಲನಾ ಸೌಲಭ್ಯ ಒದಗಿಸತಕ್ಕದ್ದು. ಹಲವು ಘಟಕಗಳು ಕೂಡಿ ಒಂದೇ ಕೇಂದ್ರ ನಡೆಸಲೂ ಅವಕಾಶವಿದೆ. ಕೈಗಾರಿಕಾ ವಸಾಹತುಗಳ ಸಣ್ಣ ಉದ್ಯಮಿಗಳಿಗೆ ಇದು ಅನುಕೂಲಕರ. ಆದರೆ ವೆಚ್ಚವನ್ನು ಹಂಚಿಕೊಂಡಂತೆ ಹೊಣೆಯನ್ನು ಹಂಚಿ ಕಳೆಯಲಾಗದು.

ಲೆಕ್ಕಪತ್ರದ ತಪ್ಪನ್ನು ಮುಂದಿನ ವರ್ಷ ಸರಿಪಡಿಸಬಹುದು. ಇಲ್ಲಿ ಆ ಅವಕಾಶವಿಲ್ಲ. ಆದುದರಿಂದ ನಿರ್ಗಮನ ದ್ವಾರ, ಅಗ್ನಿಶಾಮಕ ಸಾಧನ, ಆಯಾಗಳ ಸಂಖ್ಯೆ ಇವುಗಳ ಪರಿಶೀಲನೆಯನ್ನು ಸದಸ್ಯರು ತಾವಾಗಿಯೇ ಕೋರಿ ಮಾಡಿಸಿಕೊಳ್ಳುವುದು ಯುಕ್ತ.