ಎರೆಯ ನೆಲ, ಎರೆಯ ನುಡಿ: ಕಾಲೇಜು ಆವರಣದ ಜೀವವೈವಿಧ್ಯ ಮತ್ತು ಕನ್ನಡ ವಿಭಾಗಗಳ ಹೊಣೆ

ಜೀವವೈವಿಧ್ಯವೆಂಬುದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳಿಗೆ ಸೇರಿದ ವಿಷಯವೆಂಬ ಭಾವನೆ ಕನ್ನಡ ವಿಭಾಗಗಳಲ್ಲಿ ಬೇರೂರಿದೆ. 2003ರ ಸುಪ್ರೀಂ ಕೋರ್ಟ್ ನಿರ್ದೇಶನದ ತರುವಾಯ ಪರಿಸರ ಅಧ್ಯಯನ ಪದವಿ ತರಗತಿಗಳಿಗೆ ಕಡ್ಡಾಯವಾಯಿತು. ನ್ಯಾಕ್ ಮೌಲ್ಯಮಾಪನದಲ್ಲಿಯೂ ಆವರಣದ ಹಸಿರಿಗೆ ಸ್ಥಾನ ದೊರೆಯಿತು. ಆದರೆ ಈ ಕಾಳಜಿ ಬಹುಮಟ್ಟಿಗೆ ನೆಟ್ಟ ಸಸಿಗಳ ಎಣಿಕೆಯಲ್ಲಿಯೇ ಮುಗಿದುಹೋಗುತ್ತದೆ. ತಾನಾಗಿ ಬೆಳೆದು ನಿಂತ ಗಿಡ ಯಾವುದು, ಸುತ್ತಲಿನ ಜನ ಅದನ್ನು ಏನೆಂದು ಕರೆಯುತ್ತಾರೆ, ಯಾವ ಹಬ್ಬಕ್ಕೆ, ಯಾವ ಬೇನೆಗೆ ಅದನ್ನು ಅರಸಿ ಹೋಗುತ್ತಾರೆ ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಇವು ಮೂಲತಃ ಭಾಷೆಯ ಪ್ರಶ್ನೆಗಳು. ಕನ್ನಡ ವಿಭಾಗಗಳೇ ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆಗಳು.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳನ್ನು ಈ ದೃಷ್ಟಿಯಿಂದ ಗಮನಿಸಬಹುದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳನ್ನು ಭತ್ತದ ಗದ್ದೆಗಳನ್ನಾಗಿಸಿತು. ಅನ್ನ ಹೆಚ್ಚಿತು, ಬದುಕು ಸುಧಾರಿಸಿತು. ಇದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹಿಂಗಾರಿ ಜೋಳದ ಹೊಲದೊಡನೆ ಬದುವಿನ ಮರ, ಬೀಳು ನೆಲದ ಹುಲ್ಲುಗಳು ಹಿಂದೆ ಸರಿದವು; ಅಚ್ಚುಕಟ್ಟಿನ ಹಲವೆಡೆ ಜೌಗು, ಸವುಳು ಕಾಣಿಸಿಕೊಂಡವು. ಲಿಂಗಸುಗೂರಿನ ಮಸಾರಿ ನೆಲ, ಮುದಗಲ್ಲಿನ ಕಲ್ಲುಗುಡ್ಡ, ಮಸ್ಕಿಯ ಬೆಟ್ಟದ ಇಳಿಜಾರುಗಳು ಮಳೆಯನ್ನೇ ನಂಬಿದ ಇನ್ನೊಂದು ಬಗೆಯ ಭೂದೃಶ್ಯ. ನೇಗಿಲು ಹಾಯದ, ಔಷಧಿ ಸಿಂಪಡಿಸದ, ಬೇಲಿಯ ರಕ್ಷಣೆಯಿರುವ ತುಂಡುಭೂಮಿ ಈ ಭಾಗದ ಊರುಗಳ ಆಸುಪಾಸಿನಲ್ಲಿ ವಿರಳವಾಗುತ್ತಿದೆ. ಕಾಲೇಜಿನ ಆವರಣ ಅಂತಹ ವಿರಳ ಜಾಗಗಳಲ್ಲೊಂದು ಎಂಬುದೇ ಅದರ ಮಹತ್ವ.

ನೆಲದ ಜೀವಿಗೂ ನುಡಿಗೂ ಇರುವ ನಂಟಿಗೆ 'ಎರೆಭೂತ' ಎಂಬ ಶಬ್ದವೊಂದೇ ಸಾಕ್ಷಿ. ಉತ್ತರ ಕರ್ನಾಟಕದ ಜನ ಎರೆಬಯಲಿನ ದೊಡ್ಡ ಹಕ್ಕಿಗೆ ಇಟ್ಟ ಹೆಸರಿದು. ನೆಲದ ಬಣ್ಣ, ಹಕ್ಕಿಯ ನಿಲುವು, ನೋಡಿದವರ ಬೆರಗು ಮೂರೂ ಅದರಲ್ಲಿ ಅಡಗಿವೆ. ಸಿಂಧನೂರಿನ ನೆರೆಯ ಸಿರುಗುಪ್ಪ ಭಾಗದಲ್ಲಿ ಈ ಹಕ್ಕಿ ಬೆರಳೆಣಿಕೆಯಷ್ಟು ಸಂಖ್ಯೆಯಲ್ಲಿ ದಾಖಲಾಗಿದೆ. ಹಕ್ಕಿ ಇಲ್ಲವಾದರೆ ಶಬ್ದ ನಿಘಂಟಿನಲ್ಲಿ ಉಳಿದೀತು, ನಾಲಗೆಯ ಮೇಲೆ ಉಳಿಯದು. ಗಿಡಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ವಿಜಯದಶಮಿಯಂದು ಬಂಗಾರವೆಂದು ಹಂಚಿಕೊಳ್ಳುವ ಬನ್ನಿಗೆ ಮರವೇ ಅಪರೂಪವಾಗುತ್ತಿರುವಾಗ, ಅದರ ದೂರದ ನಂಟ ಬಳ್ಳಾರಿ ಜಾಲಿ ಎಲ್ಲೆಡೆ ಹಬ್ಬಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ ಭಾರತಕ್ಕೆ ಬಂದ ಈ ಗಿಡಕ್ಕೆ ಊರಿನ ಹೆಸರು ಅಂಟಿಕೊಂಡಿರುವುದರಿಂದ ಅದು ನಾಡಗಿಡವೆಂದೇ ಹೊಸ ತಲೆಮಾರು ತಿಳಿಯುವಂತಾಗಿದೆ.

ಇದು ಕೇವಲ ಭಾವುಕತೆಯ ಮಾತಲ್ಲ. ಸಂಶೋಧನೆಯ ಅಗತ್ಯವೂ ಹೌದು. ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದವಿದೆ. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ದ ವಿಷಚಿಕಿತ್ಸೆ ಮೂಲಿಕೆಗಳನ್ನು ಆಧರಿಸಿದೆ. ಈ ಕೃತಿಗಳ ಸಸ್ಯನಾಮಗಳಿಗೆ 'ಒಂದು ಬಗೆಯ ಗಿಡ' ಎಂದಷ್ಟೇ ಅರ್ಥ ಬರೆದು ಮುಂದುವರಿಯುವುದು ವಿದ್ವತ್ತಿನ ಸೋಲು. 1894ರಲ್ಲಿ ಪ್ರಕಟವಾದ ನಿಘಂಟಿನಲ್ಲಿ ಕಿಟೆಲ್ ಅನೇಕ ಗಿಡಮರಗಳಿಗೆ ಶಾಸ್ತ್ರೀಯ ಹೆಸರನ್ನೂ ಜೋಡಿಸಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ಹೆಸರೊಂದು ಎಷ್ಟು ದೂರ ಬೆಳಕು ಚೆಲ್ಲಬಲ್ಲದೆಂಬುದನ್ನು ಮಸ್ಕಿಗೆ ಹೇಳಿಕೊಡಬೇಕಾಗಿಲ್ಲ. 1915ರಲ್ಲಿ ಪತ್ತೆಯಾದ ಅಲ್ಲಿನ ಶಾಸನ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಕೊಟ್ಟದ್ದರಿಂದಲೇ 'ದೇವಾನಾಂಪ್ರಿಯ' ಯಾರೆಂಬ ಜಿಜ್ಞಾಸೆ ಬಗೆಹರಿಯಿತು.

ದೊಡ್ಡ ವಿದ್ಯಾಸಂಸ್ಥೆಗಳ ಮಾದರಿಗಳನ್ನು ಇಲ್ಲಿಗೆ ನೇರವಾಗಿ ತರುವುದೂ ಸಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಶ್ಚಿಮಘಟ್ಟದ ಸಸ್ಯಗಳ ಕಿರುಕಾಡು ಬೆಳೆದಿದೆ. ಮೈಸೂರಿನ ಮಾನಸಗಂಗೋತ್ರಿಗೆ ಕುಕ್ಕರಹಳ್ಳಿ ಕೆರೆಯ ಸಾನ್ನಿಧ್ಯವಿದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ನೆಲದಲ್ಲಿ ಟ್ಯಾಂಕರ್ ನೀರಿನಿಂದ ಹುಲ್ಲುಹಾಸು ಬೆಳೆಸುವುದು ಹಸಿರಲ್ಲ, ಹಸಿರಿನ ಪ್ರದರ್ಶನ. ಈ ನೆಲಕ್ಕೆ ಸಹಜವಾದದ್ದು ಕರಿಜಾಲಿ, ಬೇವು, ಬನ್ನಿ, ಬಾರಿ, ಕವಳಿ, ತಂಗಡಿ, ಎಕ್ಕಿ, ಉತ್ತರಾಣಿ, ತುಂಬೆಗಳ ಸಂಸಾರ. 'ಸ್ವಚ್ಛತೆ'ಯ ಹೆಸರಿನಲ್ಲಿ ಮೊದಲು ಕಿತ್ತೊಗೆಯುವುದು ಇವನ್ನೇ ಎಂಬುದು ವಿಪರ್ಯಾಸ. ಪೊದೆಯಿದ್ದಲ್ಲಿ ಹಾವು ಚೇಳಿನ ಭಯವಿರುತ್ತದೆ, ಕಟ್ಟಡಕ್ಕೆ ಜಾಗ ಬೇಕಾಗುತ್ತದೆ ಎಂಬ ಆಕ್ಷೇಪಗಳು ನಿರಾಧಾರವಲ್ಲ. ಆದುದರಿಂದ ಇಡೀ ಆವರಣವನ್ನು ಕಾಡಾಗಿಸುವ ಮಾತು ಇಲ್ಲಿಲ್ಲ. ತರಗತಿಗಳಿಂದ ದೂರದ ಒಂದು ಮೂಲೆಯಲ್ಲಿ ಬಳ್ಳಾರಿ ಜಾಲಿಯನ್ನಷ್ಟೇ ತೆಗೆದು, ಉಳಿದುದನ್ನು ಅದರ ಪಾಡಿಗೆ ಬಿಟ್ಟರೆ ಸಾಕು.

ಆ ಮೂಲೆಯೇ ಕನ್ನಡ ವಿಭಾಗದ ಕ್ಷೇತ್ರಕಾರ್ಯದ ಮೊದಲ ಮೆಟ್ಟಿಲಾಗಬಲ್ಲದು. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಸ್ಥಳೀಯ ಸಂಸ್ಥೆಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು; ಅದರಲ್ಲಿ ಸ್ಥಳೀಯ ಹೆಸರು ಮತ್ತು ತಿಳಿವಳಿಕೆಗೆ ಪ್ರಮುಖ ಸ್ಥಾನವಿದೆ. ಈ ಕೆಲಸಕ್ಕೆ ಕನ್ನಡ ವಿದ್ಯಾರ್ಥಿಗಳಿಗಿಂತ ತಕ್ಕವರಿಲ್ಲ. ಅವರ ಅವ್ವ, ಅಜ್ಜಿ, ಕುರಿ ಕಾಯುವ ಮಾಮಂದಿರೇ ವಕ್ತೃಗಳಾಗಬಲ್ಲರು. ಎರೆಯವರು ಕರೆಯುವ ಹೆಸರಿಗೂ ಮಸಾರಿಯವರು ಕರೆಯುವ ಹೆಸರಿಗೂ ಇರುವ ಅಂತರವೇನು, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ, ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಲ್ಲಿ ಅದೇ ಗಿಡ ಯಾವ ಹೆಸರು ಪಡೆದಿದೆ ಎಂಬುದು ಎಂ.ಎ. ಕಿರುಪ್ರಬಂಧಗಳಿಗೆ ಒದಗಬಲ್ಲ ಉತ್ತಮ ವಸ್ತು. ಸಸ್ಯಶಾಸ್ತ್ರ ವಿಭಾಗ ಗಿಡವನ್ನು ಗುರುತಿಸಿಕೊಡಲಿ, ಕನ್ನಡ ವಿಭಾಗ ನುಡಿಯನ್ನು ದಾಖಲಿಸಲಿ. ಮೂರು ತಾಲೂಕುಗಳ ಕಾಲೇಜುಗಳು ತಮ್ಮ ಪಟ್ಟಿಗಳನ್ನು ಒಟ್ಟುಗೂಡಿಸಿದರೆ ಎರೆ-ಮಸಾರಿ ಸೀಮೆಯದೊಂದು ಸಸ್ಯನಾಮಕೋಶ ರೂಪುಗೊಂಡೀತು. ಹೆಸರು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕಾದುದು ಅವಶ್ಯ. ಗಿಡವನ್ನು ಮತ್ತೆ ನೆಡಬಹುದು, ಮರೆತ ಹೆಸರನ್ನು ಮತ್ತೆ ಪಡೆಯುವುದು ಸುಲಭಸಾಧ್ಯವಲ್ಲ.